ಕೆಂಪನ್ನು ಹಳದಿ ಮಾಡಿ ಕಳಿಸಿದರೆ ಮೇಲಿನವರಿಗೆ ಏನು ಕಾಣುತ್ತೆ?

ಪ್ರಶ್ನೆ: ಸರ್, ನಾನು ವೈಟ್‌ಫೀಲ್ಡ್‌ನ ಒಂದು ಕಂಪನಿಯಲ್ಲಿ ಕಸ್ಟಮರ್ ಸಪೋರ್ಟ್ ಟೀಮಿನ ಲೀಡ್. ಕೈಕೆಳಗೆ ಹನ್ನೊಂದು ಜನ ಇದ್ದರು, ಅದರಲ್ಲಿ ಎಂಟು ಜನ ರಾತ್ರಿ ಪಾಳಿ. ನಾನು ಹಗಲು ಪಾಳಿ. ನಮ್ಮ ದೊಡ್ಡವರೆಲ್ಲ ಎಂಟನೇ ಮಹಡಿಯಲ್ಲಿ ಇರುತ್ತಾರೆ, ವರ್ಷಕ್ಕೆ ಎರಡು ಸಲ ಟೌನ್‌ಹಾಲ್ ಅನ್ನುವ ಇಡೀ ಕಂಪನಿಯ ಸಭೆಯಲ್ಲಿ ಮುಖ ತೋರಿಸುತ್ತಾರೆ. ಏಪ್ರಿಲ್‌ನಲ್ಲಿ ವಾರಕ್ಕೆ ನಾಲ್ಕು ದಿನ ಆಫೀಸಿಗೆ ಬರಲೇಬೇಕು ಅಂತ ಮೇಲ್ ಬಂತು. ಅದೇ ತಿಂಗಳು ಖರ್ಚು ಉಳಿಸಲು ರಾತ್ರಿ ಕ್ಯಾಬಿನ ಎರಡು ರೂಟ್‌ಗಳನ್ನು ಒಂದು ಮಾಡಿದರು. ಮೂರು ಜನ ಕೆಲಸ ಬಿಟ್ಟರು. ಉಳಿದವರು ಮೀಟಿಂಗಿನಲ್ಲಿ ಬಾಯೇ ಬಿಡುವುದಿಲ್ಲ. ಆದರೆ ಕಂಪನಿಯ ಸರ್ವೇಯಲ್ಲಿ ನಮ್ಮ ಟೀಮಿಗೆ 5ಕ್ಕೆ 4.2 ಬಂದಿದೆ! ವಾರದ ವರದಿಯಲ್ಲಿ ಕೆಂಪು (ದೊಡ್ಡ ತೊಂದರೆ) ಇರಬೇಕಾದದ್ದನ್ನು ನಾನು ಹಳದಿ (ಸ್ವಲ್ಪ ತೊಂದರೆ) ಮಾಡಿ ಕಳಿಸುತ್ತೇನೆ, ಇಲ್ಲದಿದ್ದರೆ ನಮ್ಮ ಮ್ಯಾನೇಜರ್ ಬೈಯುತ್ತಾರೆ. ಮೇಲಿನವರಿಗೆ ಕೆಳಗಿನದು ಏನೂ ಗೊತ್ತಿಲ್ಲ. ನಾನೇನು ಮಾಡಲಿ? ಕೆಲಸ ಬಿಡುವುದೇ ದಾರಿಯಾ?

ಉತ್ತರ:

ನಿಮ್ಮ ಪತ್ರದಲ್ಲಿ ಒಂದು ಸಾಲಿನ ಹತ್ತಿರ ನಾನು ನಿಂತುಬಿಟ್ಟೆ. ಕೆಂಪನ್ನು ಹಳದಿ ಮಾಡಿ ಕಳಿಸುತ್ತೇನೆ ಅಂತ ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ಅದರ ಮುಂದಿನ ಸಾಲಿನಲ್ಲೇ ಮೇಲಿನವರಿಗೆ ಏನೂ ಗೊತ್ತಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಈ ಎರಡು ಸಾಲನ್ನೂ ಅಕ್ಕಪಕ್ಕ ಇಟ್ಟು ಇನ್ನೊಂದು ಸಲ ಓದಿ ನೋಡಿ.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಇದೇ ಕೆಲಸವನ್ನು ನಾನೂ ಮಾಡಿದ್ದೇನೆ.

2003ರ ಮಾತು. ಪೀಣ್ಯದಲ್ಲಿ ಮೆಷಿನ್ ಪಾರ್ಟ್ಸ್ ಮಾಡುವ ಒಂದು ಕಾರ್ಖಾನೆ, ಸುಮಾರು ಮುನ್ನೂರು ಜನ. ಎಚ್ಆರ್ ಅನ್ನುವ ಹೆಸರು ಇನ್ನೂ ಅಷ್ಟು ಓಡಾಡುತ್ತಿರಲಿಲ್ಲ, ನಾನು ಪರ್ಸನಲ್ ಡಿಪಾರ್ಟ್‌ಮೆಂಟಿನಲ್ಲಿದ್ದೆ. ಮೊದಲ ಪಾಳಿ ಬೆಳಗ್ಗೆ 7ಕ್ಕೆ ಶುರುವಾಗಿ ಮಧ್ಯಾಹ್ನ 3:30ಕ್ಕೆ ಬಿಡುತ್ತಿತ್ತು. ಮಾಲು ತುಂಬುವ ಲಾರಿ ಸಮಯಕ್ಕೆ ಹೊಂದಲಿ ಅಂತ ಮೇಲಿನವರು ಪಾಳಿಯನ್ನು 15 ನಿಮಿಷ ಮುಂದಕ್ಕೆ ಹಾಕಿದರು. 7:15ಕ್ಕೆ ಬಾ, 3:45ಕ್ಕೆ ಹೋಗು. ಕೆಲಸದ ಗಂಟೆ ಒಂದು ನಿಮಿಷವೂ ಜಾಸ್ತಿಯಾಗಲಿಲ್ಲ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಂದು ಹಾಳೆಯನ್ನು ನೋಟಿಸ್ ಬೋರ್ಡಿಗೆ ನಾನೇ ಅಂಟಿಸಿ ಬಂದೆ. ಯಾರೂ ಚಕಾರ ಎತ್ತಲಿಲ್ಲ.

ಎರಡು ತಿಂಗಳಲ್ಲಿ ಕಾರ್ಖಾನೆಯ ಗಾಳಿಯೇ ಬದಲಾಯಿತು. ಶನಿವಾರ ರಜೆ ಹಾಕುವವರು ಜಾಸ್ತಿಯಾದರು. ಮಧ್ಯಾಹ್ನ ಮೂರರ ಮೇಲೆ ತಯಾರಾದ ಪೀಸ್‌ಗಳಲ್ಲಿ ರಿಜೆಕ್ಷನ್ ಏರಿತು. 3:20ಕ್ಕೇ ಕೈ ತೊಳೆಯುವ ನಲ್ಲಿ ಹತ್ತಿರ ಗುಂಪು. ಓಟಿ ಮಾಡ್ತೀರಾ ಅಂತ ಕೇಳಿದರೆ ತಲೆ ಆಡಿಸಿ ಹೋಗುತ್ತಿದ್ದರು. ಎಂ.ಡಿ.ಯವರು "ಜನಕ್ಕೆ ಕಂಪನಿ ಮೇಲೆ ಅಭಿಮಾನ ಕಮ್ಮಿಯಾಗಿದೆ" ಅಂತ ತೀರ್ಮಾನಿಸಿ, ಮುಂಬೈಯಿಂದ ಒಬ್ಬ ಟ್ರೈನರನ್ನು ಕರೆಸಿದರು. ಕಲ್ಯಾಣ ಮಂಟಪದಲ್ಲಿ ಇಡೀ ದಿನ ಕಾರ್ಯಕ್ರಮ. ಬಲೂನ್ ಊದುವ ಆಟ, ಕೈ ಕೈ ಹಿಡಿದು ಘೋಷಣೆ. ಮಧ್ಯಾಹ್ನ ಹೋಳಿಗೆ ಊಟ. ಹೋಳಿಗೆ ಚೆನ್ನಾಗಿತ್ತು.

ನಿಜವಾದ ಕಾರಣ ನನಗೆ ಗೊತ್ತಾದದ್ದು ಕ್ಯಾಂಟೀನಿನಲ್ಲಿ. ಟೀ ಕೊಡುತ್ತಾ ಅಡುಗೆ ಭಟ್ಟರು ಹೇಳಿದರು, "ಬಸ್ಸು ತಪ್ಪೋಗ್ತಿದೆ ಸಾರ್ ಅವರಿಗೆ." ನಮ್ಮ ಅರ್ಧಕ್ಕರ್ಧ ಜನ ನೆಲಮಂಗಲದ ಕಡೆ ಹಳ್ಳಿಗಳಿಂದ ಬರುತ್ತಿದ್ದರು. ಅವರು ಹಿಡಿಯುವ ಬಸ್ಸು ತುಮಕೂರು ರಸ್ತೆಯ ಸ್ಟಾಪಿಗೆ 3:45ಕ್ಕೆ ಬರುತ್ತಿತ್ತು. ಅದು ತಪ್ಪಿದರೆ ಹಳ್ಳಿ ಕಡೆ ಹೋಗುವ ಮುಂದಿನ ಬಸ್ಸು 4:40ಕ್ಕೆ. ಎಷ್ಟೋ ಮನೆಯಲ್ಲಿ ಹಸು ಇತ್ತು. ಹಾಲು ಕರೆದು ಡೈರಿಗೆ ಹಾಕುವ ಹೊತ್ತು ಮೀರಿಹೋಗುತ್ತಿತ್ತು. ಮೇಲಿನವರ ಲೆಕ್ಕದಲ್ಲಿ 15 ನಿಮಿಷ. ಕೆಳಗೆ ಅದು ಒಂದು ಗಂಟೆ, ಜೊತೆಗೆ ಒಂದು ಹೊತ್ತಿನ ಹಾಲಿನ ದುಡ್ಡು.

ಹಾಗಾದರೆ ಅವರು ಯಾರಿಗೂ ಹೇಳಲಿಲ್ಲವಾ? ಹೇಳಿದ್ದರು. ಮೊದಲ ವಾರವೇ ಸೂಪರ್‌ವೈಸರಿಗೆ "ಬಸ್ಸು ಸಿಗ್ತಿಲ್ಲ, ಮೊದಲಿನ ಟೈಮೇ ಮಾಡಿ" ಅಂದಿದ್ದರು. ಸೂಪರ್‌ವೈಸರ್ ಅದನ್ನು ಶಿಫ್ಟ್ ಇನ್‌ಚಾರ್ಜಿಗೆ "ಬಸ್ಸಿಂದು ಸ್ವಲ್ಪ ತೊಂದರೆ ಅಂತೆ" ಅಂದ. ಇನ್‌ಚಾರ್ಜ್ ಪ್ಲಾಂಟ್ ಮ್ಯಾನೇಜರಿಗೆ "ಟೈಮಿಂಗ್ ಬಗ್ಗೆ ಸ್ವಲ್ಪ ಗೊಣಗಾಟ ಇದೆ" ಅಂದರು. ತಿಂಗಳ ವರದಿಯಲ್ಲಿ ಎಂ.ಡಿ.ಗೆ ಹೋದ ಸಾಲು: "ಹೊಸ ಪಾಳಿಗೆ ಜನ ಹೊಂದಿಕೊಳ್ಳುತ್ತಿದ್ದಾರೆ." ಆ ವರದಿ ಬರೆದವನು ನಾನು. ನಾಲ್ಕು ಜನರಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ. ಒಬ್ಬೊಬ್ಬರೂ ಒಂದೊಂದು ಮೊನೆ ಮುರಿದೆವು, ಅಷ್ಟೇ.

ದೂರದ ಬೆಟ್ಟ ನುಣ್ಣಗೆ ಅಂತಾರೆ. ಕಂಪನಿಗಳಲ್ಲಿ ಬೆಟ್ಟ ತಾನಾಗೇ ನುಣ್ಣಗಾಗುವುದಿಲ್ಲ. ಪ್ರತಿ ಮೆಟ್ಟಿಲ ಮೇಲೂ ಒಬ್ಬರು ಕೂತು ಅದನ್ನು ಉಜ್ಜುತ್ತಿರುತ್ತಾರೆ.

ಇದು ಪೀಣ್ಯದ ಕಥೆ ಮಾತ್ರ ಅಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಹಾರಿದ 73 ಸೆಕೆಂಡಿಗೆ ಛಿದ್ರವಾಗಿ ಏಳು ಜನ ಸತ್ತರು. ಹಿಂದಿನ ರಾತ್ರಿಯೇ ರಾಕೆಟ್ ಮಾಡಿದ ಕಂಪನಿಯ ಎಂಜಿನಿಯರುಗಳು, ಇಷ್ಟು ಚಳಿಯಲ್ಲಿ ರಬ್ಬರ್ ಸೀಲುಗಳು ಕೈಕೊಡಬಹುದು, ಹಾರಿಸಬೇಡಿ ಅಂದಿದ್ದರು. ಅವರ ಮೇಲಿನವರೇ ಆ ಮಾತನ್ನು ಹಿಂದೆ ತೆಗೆದುಕೊಂಡರು. ತನಿಖೆಯ ತಂಡದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಒಂದು ವಿಚಿತ್ರ ಕಂಡರು. ನೌಕೆ ನಾಶವಾಗುವ ಸಾಧ್ಯತೆ ಎಷ್ಟು ಅಂತ ಕೇಳಿದರೆ ಕೆಲಸ ಮಾಡುವ ಎಂಜಿನಿಯರುಗಳು ಹೇಳಿದ್ದು ನೂರಕ್ಕೆ ಒಂದರ ಆಸುಪಾಸು. ಆಡಳಿತದವರು ಹೇಳಿದ್ದು ಲಕ್ಷಕ್ಕೆ ಒಂದು. ಒಂದೇ ಸಂಸ್ಥೆ, ಒಂದೇ ನೌಕೆ, ನಡುವೆ ಸಾವಿರ ಪಟ್ಟು ಅಂತರ. ಮಂಗಳವಾರದ ರಿವ್ಯೂ ಮೀಟಿಂಗಿನಲ್ಲಿ ಎಲ್ಲ ಹಸಿರು, ಹಳದಿ ಕಂಡಾಗ ನನಗೆ ಈ ಲೆಕ್ಕ ನೆನಪಾಗುತ್ತದೆ.

ಹಾಗಂತ ತಪ್ಪೆಲ್ಲ ನಿಮ್ಮದು ಅಂತ ಹೇಳಿದರೆ ಅನ್ಯಾಯ. ನೀವು ಹಳದಿ ಬಳಿಯುವುದನ್ನು ಎಲ್ಲಿ ಕಲಿತಿರಿ? ಯಾವತ್ತೋ ಒಂದು ದಿನ ಕೆಂಪು ಕಳಿಸಿದ್ದೀರಿ, ಬೈಸಿಕೊಂಡಿದ್ದೀರಿ. ನಿಮ್ಮ ಮ್ಯಾನೇಜರ್ ಕೂಡ ಹಾಗೇ ಕಲಿತಿರುತ್ತಾರೆ. ಈ ಸರಪಳಿಯ ತುದಿ ಎಂಟನೇ ಮಹಡಿಯಲ್ಲೇ ಇದೆ. ಕೆಟ್ಟ ಸುದ್ದಿ ತಂದವರನ್ನು ಬೈಯುವ ದೊಡ್ಡವರಿಗೆ ಆರು ತಿಂಗಳ ಮೇಲೆ ಕೆಟ್ಟ ಸುದ್ದಿ ಬರುವುದು ನಿಲ್ಲುತ್ತದೆ. ಆಗ ಅವರು ಎಲ್ಲ ಸರಿಯಾಗಿದೆ ಅಂತ ನಂಬುತ್ತಾರೆ. ನಂಬಿಕೆ ಪ್ರಾಮಾಣಿಕವಾದದ್ದೇ. ಅದೇ ದೊಡ್ಡ ತೊಂದರೆ.

ನಮ್ಮ ಆ ಎಂ.ಡಿ. ಕೆಟ್ಟವರಾಗಿರಲಿಲ್ಲ. ಪ್ರತಿ ವರ್ಷ ಆಯುಧ ಪೂಜೆಗೆ ಮೆಷಿನ್ ಮೆಷಿನ್ ಹತ್ತಿರ ಬಂದು ಎಲ್ಲರನ್ನೂ ಮಾತಾಡಿಸುತ್ತಿದ್ದರು. ಅವರೇ ಬೂದುಗುಂಬಳಕಾಯಿ ಒಡೆದು, ಎಲ್ಲರ ಕೈಗೂ ಕಡ್ಲೆಪುರಿ, ಸಿಹಿ ಪೊಟ್ಟಣ ಕೊಡುತ್ತಿದ್ದರು. ಆದರೆ ಅದಕ್ಕೆ ಮುಂಚೆ ಒಂದು ವಾರ ನಾವೇನು ಮಾಡುತ್ತಿದ್ದೆವು? ನೆಲದ ಆಯಿಲ್ ಕಲೆ ಉಜ್ಜಿಸುತ್ತಿದ್ದೆವು, ಒಡೆದ ನಲ್ಲಿ ರಿಪೇರಿ ಮಾಡಿಸುತ್ತಿದ್ದೆವು, ಶೌಚಾಲಯಕ್ಕೆ ಸುಣ್ಣ ಹೊಡೆಸುತ್ತಿದ್ದೆವು. ಪಾಪ, ಅವರು ವರ್ಷಕ್ಕೊಮ್ಮೆ ನೋಡುತ್ತಿದ್ದದ್ದು ಅರಿಶಿನ ಕುಂಕುಮ ಹಚ್ಚಿಕೊಂಡ ಕಾರ್ಖಾನೆ. ನಲ್ಲಿಯಲ್ಲಿ ಸದಾ ನೀರು ಬರುತ್ತೆ ಅಂತ ಅವರು ನಂಬಿದ್ದರೆ ಆಶ್ಚರ್ಯ ಏನಿದೆ? ನಿಮ್ಮ ಟೌನ್‌ಹಾಲ್ ಕೂಡ ಒಂದು ಥರ ಆಯುಧ ಪೂಜೆಯೇ. ಕಡ್ಲೆಪುರಿ ಒಂದು ಇರಲ್ಲ.

ಟೊಯೊಟಾದ ಉತ್ಪಾದನಾ ಪದ್ಧತಿ ಕಟ್ಟಿದ ತೈಚಿ ಓನೊ ಬೇರೆ ದಾರಿ ಹಿಡಿದಿದ್ದರು ಅಂತ ಆ ಕಸುಬಿನವರೆಲ್ಲ ಹೇಳುತ್ತಾರೆ. ಶಾಪ್ ಫ್ಲೋರಿನಲ್ಲಿ ಸೀಮೆಸುಣ್ಣದಿಂದ ಒಂದು ವೃತ್ತ ಬರೆದು, ಮ್ಯಾನೇಜರನ್ನು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದರಂತೆ. ಭಾಷಣ ಬೇಡ, ಫೋಟೋ ಬೇಡ, ಸುಮ್ನೆ ನೋಡು. ಅಷ್ಟು ಹೊತ್ತು ನಿಂತರೆ ಯಾರೂ ನಾಟಕ ಆಡಲು ಆಗುವುದಿಲ್ಲ, ಅಲ್ವಾ?

ಮೇಲಿನವರ ಕಿವಿ ಕೆಳಗಿನ ತನಕ ಮುಟ್ಟದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಗ್ಗೆ ಏನಾಯಿತು ಅಂತ ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಗಾಜು ಪುಡಿಪುಡಿ, ಗಾಡಿಗೆ ಬೆಂಕಿ. ಆಮೇಲೆ ನಡೆದ ತನಿಖೆಗಳಲ್ಲಿ ಹೊರಬಂದದ್ದು ಬಹಳ ಸಾಧಾರಣ ವಿಷಯ: ಸಂಬಳ ಸರಿಯಾಗಿ, ಸಮಯಕ್ಕೆ ಬಂದಿರಲಿಲ್ಲ. ಕೆಲವೇ ತಿಂಗಳಲ್ಲಿ ಜನ ಸುಮಾರು 5,000ದಿಂದ 10,500ಕ್ಕೆ ಏರಿದ್ದರು, ಆದರೆ ಅವರ ಹಾಜರಿ, ಸಂಬಳ, ದೂರು ನೋಡಿಕೊಳ್ಳುವ ವ್ಯವಸ್ಥೆ ಅಷ್ಟು ಬೆಳೆದಿರಲಿಲ್ಲ. ಆಪಲ್ ಆ ಕಂಪನಿಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಕಂಪನಿ ಕಾರ್ಮಿಕರ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಹಿಂಸೆ ಸರಿ ಅಂತ ನಾನು ಹೇಳಲ್ಲ. ಆದರೆ ಸಂಬಳ ಕಮ್ಮಿ ಬಂದ ಹುಡುಗ ಮೊದಲ ದಿನವೇ ಕಲ್ಲು ಎತ್ತಿಕೊಳ್ಳುವುದಿಲ್ಲ. ಅದಕ್ಕೆ ಮುಂಚೆ ಅವನು ಯಾವುದೋ ಕೌಂಟರ್ ಮುಂದೆ ಎಷ್ಟೋ ಸಲ ನಿಂತಿರುತ್ತಾನೆ.

ವೈಟ್‌ಫೀಲ್ಡ್‌ನಲ್ಲಿ ಯಾರೂ ಕಲ್ಲು ಹೊಡೆಯುವುದಿಲ್ಲ. ಸುಮ್ಮನಾಗುತ್ತಾರೆ, ನೌಕರಿ ಸೈಟಿನಲ್ಲಿ ಪ್ರೊಫೈಲ್ ಅಪ್‌ಡೇಟ್ ಮಾಡುತ್ತಾರೆ.

ನಿಮ್ಮ ಟೀಮಿನ ಮೌನಕ್ಕೆ ಬರೋಣ. ಬಿಟ್ಟುಹೋದ ಮೂವರು ಯಾರು ಅಂತ ಯೋಚಿಸಿ ನೋಡಿ. ಮೀಟಿಂಗಿನಲ್ಲಿ ಜಾಸ್ತಿ ಪ್ರಶ್ನೆ ಕೇಳುತ್ತಿದ್ದವರೇ ಆಗಿರಬೇಕು ಅಂತ ನನ್ನ ಅಂದಾಜು. ನಾನು ನೋಡಿದ ಕಡೆಯೆಲ್ಲ ಮೊದಲು ಹೋಗುವವರು ಅವರೇ. ಜಗಳ ಆಡುವವನಿಗೆ ಇನ್ನೂ ಆಸೆ ಇರುತ್ತದೆ. ಉಳಿದವರು ಅದನ್ನು ನೋಡಿ ಪಾಠ ಕಲಿಯುತ್ತಾರೆ: ಕೇಳಿದವರು ಹೋದರು, ಕ್ಯಾಬು ಹಾಗೇ ಇದೆ. ಕೆಲಸ ಜಾಸ್ತಿಯಾದರೆ ಜನ ಸುಸ್ತಾಗುತ್ತಾರೆ, ಒಂದು ಭಾನುವಾರ ಮಲಗಿ ಎದ್ದರೆ ಸರಿಹೋಗುತ್ತದೆ. ಹೇಳಿ ಪ್ರಯೋಜನ ಇಲ್ಲ ಅಂತ ಒಂದು ಸಲ ಮನಸ್ಸಿಗೆ ಬಂದರೆ ಅದು ಭಾನುವಾರಕ್ಕೆ ಹೋಗುವ ಸುಸ್ತಲ್ಲ. ಟಿಕೆಟ್, ಅಂದರೆ ಗ್ರಾಹಕನ ದೂರು, ಮುಚ್ಚುತ್ತಾರೆ, ಅವನ ಸಮಸ್ಯೆ ಮುಗಿದಿದೆಯಾ ಅಂತ ನೋಡುವುದಿಲ್ಲ. ಬಂದು ಕಾರ್ಡ್ ತೋರಿಸುತ್ತಾರೆ, ಕಾಫಿ ಕುಡಿಯುತ್ತಾರೆ, ನಾಲ್ಕು ದಿನದ ಲೆಕ್ಕ ತುಂಬಿಸುತ್ತಾರೆ.

ಮತ್ತೆ ಆ 4.2? ಅದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಸರ್ವೇಯಲ್ಲಿ ಹೆಸರು ಕೇಳಲ್ಲ ಅಂತಾರೆ. ಆದರೆ ಯಾವ ಟೀಮು, ಯಾವ ಪಾಳಿ, ಗಂಡೋ ಹೆಣ್ಣೋ, ಎಷ್ಟು ವರ್ಷದಿಂದ ಇದ್ದೀರಿ ಅಂತ ಕೇಳುತ್ತಾರೆ. ಹನ್ನೊಂದು ಜನರ ಟೀಮಿನಲ್ಲಿ ಈ ನಾಲ್ಕು ಉತ್ತರ ಕೊಟ್ಟರೆ ಹೆಸರು ಬರೆದಂತೆಯೇ. ಜನಕ್ಕೆ ಅಷ್ಟು ಲೆಕ್ಕ ಬರಲ್ವಾ? ಸಪೋರ್ಟ್ ಕೆಲಸದವರು, ದಿನವಿಡೀ ಇಂಥ ಫಾರಂ ನೋಡುವವರು. ಎಲ್ಲಕ್ಕೂ 4 ಒತ್ತಿ, ಎಲ್ಲೋ ಒಂದೆರಡು ಕಡೆ 5 ಒತ್ತಿ ಎದ್ದು ಹೋಗುತ್ತಾರೆ.

ಈಗ ನೀವು ಏನು ಮಾಡಬಹುದು.

ಮುಂದಿನ ವರದಿಯಲ್ಲಿ ಕೆಂಪು ಕೆಂಪಾಗಿಯೇ ಹೋಗಲಿ. ಎಲ್ಲ ಕೆಂಪೂ ಒಟ್ಟಿಗೆ ಬೇಡ, ಹಾಗೆ ಮಾಡಿದರೆ ನೀವು ತಲೆನೋವಿನ ಗಿರಾಕಿ ಅನ್ನಿಸಿಕೊಳ್ಳುತ್ತೀರಿ. ಒಂದೇ ಒಂದು ಆರಿಸಿಕೊಳ್ಳಿ. ನಾನಾಗಿದ್ದರೆ ಕ್ಯಾಬ್ ಆರಿಸಿಕೊಳ್ಳುತ್ತೇನೆ. ನಾಲ್ಕು ದಿನದ ಹಾಜರಿ ಎಂಟನೇ ಮಹಡಿಯವರಿಗೂ ಅವರ ಮೇಲಿನಿಂದ ಬಂದಿರಬಹುದು, ಅದನ್ನು ನೀವು ಅಲ್ಲಾಡಿಸುವುದು ಕಷ್ಟ. ಕ್ಯಾಬ್ ರೂಟು ಯಾರೋ ಒಬ್ಬರು ಶೀಟಿನಲ್ಲಿ ಮಾಡಿದ ಬದಲಾವಣೆ. ಅದನ್ನು ಶೀಟಿನಲ್ಲೇ ವಾಪಸ್ ಮಾಡಬಹುದು.

ಬರೆಯುವಾಗ "ಟೀಮಿನ ಮನೋಬಲ ಕುಗ್ಗಿದೆ" ಅಂತ ಬರೆಯಬೇಡಿ. ಆ ಮಾತಿಗೆ ಉತ್ತರವಾಗಿ ಬರುವುದು ಪಿಜ್ಜಾ ಪಾರ್ಟಿ. ಲೆಕ್ಕ ಬರೆಯಿರಿ. ಮೊದಲು ಕೊನೆಯ ಡ್ರಾಪ್ ಎಷ್ಟು ಗಂಟೆಗೆ ಆಗುತ್ತಿತ್ತು, ಈಗ ಎಷ್ಟು. ರೂಟ್ ಬದಲಾದ ಮೇಲೆ ಬಿಟ್ಟವರು ಎಷ್ಟು ಜನ, ಅದರಲ್ಲಿ ಆ ರೂಟಿನವರು ಎಷ್ಟು. ಒಬ್ಬ ಹೊಸಬರನ್ನು ತಂದು ಕೈಗೆ ಕೆಲಸ ಹತ್ತಿಸಲು ಎಷ್ಟು ವಾರ, ಅಷ್ಟು ವಾರದ ಸಂಬಳ ಎಷ್ಟು. ರೂಟ್ ಒಂದು ಮಾಡಿ ತಿಂಗಳಿಗೆ ಎಷ್ಟು ಉಳಿಯಿತು. ಎರಡೂ ಮೊತ್ತ ಅಕ್ಕಪಕ್ಕ ಇರಲಿ. ಕೊನೆಗೆ ಒಂದು ಬೇಡಿಕೆ: ಹಳೇ ರೂಟ್ ಎರಡು ತಿಂಗಳು ವಾಪಸ್ ಕೊಟ್ಟು ನೋಡಿ. ಪೀಣ್ಯದಲ್ಲಿ ನಾನು ಕೊನೆಗೆ ಮಾಡಿದ್ದೂ ಇದನ್ನೇ. ರಿಜೆಕ್ಷನ್ ಆದ ಪೀಸಿನ ಬೆಲೆಯನ್ನು ಒಂದು ಹಾಳೆಯಲ್ಲಿ ಬರೆದು, ಅದರ ಪಕ್ಕ ಬಸ್ಸಿನ ಟೈಮು ಬರೆದೆ. ಎಂ.ಡಿ. ಎರಡು ಸಲ ಓದಿದರು. "ಬಸ್ಸಾ?" ಅಂದರು. ಮುಂದಿನ ಸೋಮವಾರದಿಂದ ಪಾಳಿ ಮತ್ತೆ 3:30ಕ್ಕೆ ಬಿಟ್ಟಿತು, ಲಾರಿಯವನಿಗೆ ಬೇರೆ ಹೊತ್ತು ಹೇಳಿದರು. ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಆ ನಡುವೆ ಬಿಟ್ಟುಹೋದ ಇಬ್ಬರು ಒಳ್ಳೇ ಟರ್ನರುಗಳು ವಾಪಸ್ ಬರಲಿಲ್ಲ.

ಆ ಹಾಳೆಯನ್ನು ಮೊದಲು ನಿಮ್ಮ ಮ್ಯಾನೇಜರಿಗೆ ತೋರಿಸಿ, ಅದೂ ಒಬ್ಬರೇ ಇರುವಾಗ. ಮೀಟಿಂಗಿನಲ್ಲಿ ನಾಲ್ಕು ಜನರ ಮುಂದೆ ತೆಗೆದರೆ ಅವರು ತಮ್ಮನ್ನು ಕಾಪಾಡಿಕೊಳ್ಳಲು ನಿಮ್ಮನ್ನೇ ತಳ್ಳುತ್ತಾರೆ. "ಇದನ್ನು ನೀವೇ ಮೇಲಕ್ಕೆ ಹೇಳ್ತೀರಾ, ನಾನು ಹೇಳಲಾ?" ಅಂತ ಕೇಳಿ. ಹೆಚ್ಚಿನವರು ತಾವೇ ಹೇಳುತ್ತೇವೆ ಅಂತಾರೆ. ಹೇಳಲಿ ಬಿಡಿ, ಹೆಸರು ಅವರಿಗೇ ಬರಲಿ.

ಇನ್ನೊಂದು ಮಾತು. ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ಗಾಡಿ ಕೊಡುವುದು ಕಂಪನಿಯ ಉಪಕಾರ ಅಲ್ಲ, ಅದು ರಾಜ್ಯದ ನಿಯಮ. ನಿಮ್ಮ ಟೀಮಿನಲ್ಲಿ ಅಂಥವರು ಇದ್ದರೆ ಅದನ್ನೂ ಒಂದು ಸಾಲು ಬರೆಯಿರಿ. ಹಾಗೇ, 20 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರು ಇರುವ ಕಡೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಎರಡೂ ಕಡೆಯವರು ಸಮಸಮ ಇರಬೇಕು ಅಂತ ಕಾನೂನು ಹೇಳುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಐಟಿ ಕಂಪನಿಗಳಿಗೆ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ (ಕೆಲಸದ ಷರತ್ತುಗಳನ್ನು ಬರೆದಿಡಬೇಕು ಅನ್ನುವ ಕಾನೂನು) ಮತ್ತೆ ಐದು ವರ್ಷ ವಿನಾಯಿತಿ ಕೊಟ್ಟಾಗಲೂ ಈ ಸಮಿತಿ ಇರಬೇಕು ಅಂತ ಷರತ್ತು ಹಾಕಿತ್ತು. ನಿಮ್ಮ ಕಂಪನಿಯ ಸಮಿತಿಯಲ್ಲಿ ಯಾರಿದ್ದಾರೆ ಅಂತ ಎಚ್ಆರ್‌ಗೆ ಒಂದು ಮೇಲ್ ಹಾಕಿ. ದೂರು ಕೊಡಬೇಕು ಅಂತಿಲ್ಲ, ಹೆಸರು ಕೇಳಿ ಸಾಕು. ಆ ಒಂದು ಪ್ರಶ್ನೆಗೇ ಎಷ್ಟೋ ಕಡೆ ಕುರ್ಚಿಗಳು ಅಲ್ಲಾಡುವುದನ್ನು ನೋಡಿದ್ದೇನೆ.

ಟೀಮಿಗೆ ಏನು ಹೇಳುವುದು? ಮಾತಾಡಿ, ಮನಸ್ಸು ಬಿಚ್ಚಿ ಅಂತ ಬೇಡಬೇಡಿ. ಬಿಚ್ಚಲ್ಲ. ಅದರ ಬದಲು ಪ್ರತಿ ಶುಕ್ರವಾರ ಮೂರು ಸಾಲು ಅವರಿಗೆ ಕಳಿಸಿ: ಈ ವಾರ ನಾನು ಮೇಲಕ್ಕೆ ಹೇಳಿದ್ದು ಇದು, ಬಂದ ಉತ್ತರ ಇದು, ಇನ್ನೂ ಉತ್ತರ ಬಾರದೆ ಉಳಿದದ್ದು ಇದು. ಉತ್ತರ "ಆಗಲ್ಲ" ಅಂತ ಇದ್ದರೂ ಬರೆಯಿರಿ. ಆಗಲ್ಲ ಅಂದರೆ ಜನ ಸಹಿಸುತ್ತಾರೆ. ಉತ್ತರವೇ ಬರದಿದ್ದರೆ ತಮ್ಮ ಮಾತು ಎಲ್ಲೋ ಬಾವಿಗೆ ಬಿತ್ತು ಅಂದುಕೊಳ್ಳುತ್ತಾರೆ. ಮೊದಲ ಮೂರು ನಾಲ್ಕು ವಾರ ಯಾರೂ ಏನೂ ಹೇಳುವುದಿಲ್ಲ. ಆಮೇಲೆ ಯಾರೋ ಒಬ್ಬರು ಕಾಫಿ ಮೆಷಿನ್ ಹತ್ತಿರ ನಿಂತು "ಇನ್ನೊಂದಿದೆ" ಅಂತ ಶುರು ಮಾಡುತ್ತಾರೆ.

ಕೆಲಸ ಬಿಡುವ ವಿಚಾರ. ಈಗಲೇ ಬೇಡ, ಸುಮ್ನೆ ಕಾಯುವುದೂ ಬೇಡ. ಕ್ಯಾಲೆಂಡರಿನಲ್ಲಿ ಮೂರು ತಿಂಗಳ ಆಚೆ ಒಂದು ತಾರೀಖಿಗೆ ಗುರುತು ಹಾಕಿ. ಅಷ್ಟರೊಳಗೆ ಕ್ಯಾಬ್ ಸರಿಹೋಗದಿದ್ದರೂ ಪರವಾಗಿಲ್ಲ. ಯಾರಾದರೂ ಆ ಹಾಳೆ ಓದಿ ನಿಮಗೆ ಒಂದು ತಿರುಗು ಪ್ರಶ್ನೆ ಕೇಳಿದರಾ ಅಂತ ನೋಡಿ. ಕೇಳಿದ್ದರೆ ಮೇಲೆ ಇನ್ನೂ ಕಿವಿ ಇದೆ. ಓದದೆ ಬೈದರೆ, ಅಥವಾ ಹಳದಿ ಮಾಡಿ ಕಳಿಸು ಅಂತ ಎರಡನೇ ಸಲವೂ ಹೇಳಿದರೆ, ನಿಮ್ಮ ಪ್ರೊಫೈಲ್ ಕೂಡ ಅಪ್‌ಡೇಟ್ ಮಾಡಿ. ಅದರಲ್ಲಿ ನಾಚಿಕೆ ಏನಿಲ್ಲ.

ಆದರೆ ಆ ಹಾಳೆ ಬರೆಯುವ ಮುಂಚೆ ಒಂದು ಕೆಲಸ ಬಾಕಿ ಇದೆ. ನೀವು ಹಗಲು ಪಾಳಿ ಅಂದಿರಿ. ಹೊಸ ರೂಟಿನ ಕ್ಯಾಬಿನಲ್ಲಿ ನೀವು ಒಂದು ಸಲವಾದರೂ ಕೂತಿದ್ದೀರಾ? ಪತ್ರದಲ್ಲಿ ಎಲ್ಲೂ ಇಲ್ಲ. ಈ ವಾರ ಒಂದು ರಾತ್ರಿ ಮನೆಯವರಿಗೆ ಹೇಳಿ, ಟ್ರಾನ್ಸ್‌ಪೋರ್ಟ್ ಡೆಸ್ಕಿಗೂ ಹೇಳಿ, ಅವರ ಜೊತೆ ಕೊನೆಯ ಸ್ಟಾಪ್ ತನಕ ಹೋಗಿ ಬನ್ನಿ. ಪ್ರತಿ ಸ್ಟಾಪಿನ ಸಮಯ ಫೋನಿನಲ್ಲಿ ಬರೆದುಕೊಳ್ಳಿ. ವಾಪಸ್ ಬರುವಾಗ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ಯಾವ ತಿರುವಿನಲ್ಲಿ ಹೊತ್ತು ಹೋಗುತ್ತೆ ಅಂತ ಅವರನ್ನೇ ಕೇಳಿ. ಕೆ.ಆರ್. ಪುರದ ಕಡೆ ಮೊದಲು ಹೋಗಬೇಕಾ, ಹೊಸಕೋಟೆ ಕಡೆ ಮೊದಲು ಹೋಗಬೇಕಾ ಅಂತ ಅವರಿಗೆ ಏಪ್ರಿಲ್‌ನಿಂದಲೇ ಗೊತ್ತಿರುತ್ತದೆ.